ಮುಟ್ಟು ನಿಂತ ಮೇಲೆ ಕಂಡ ರಕ್ತ: ಒಂದು ಚಿಹ್ನೆಯನ್ನು ಗುರುತಿಸಲು ಹಿಡಿದ ಕಾಲ

ಮೂವತ್ತು ದಾಟಿದವರ ಮನೆಗೆ ಆಶಾ ಅಕ್ಕ ಒಂದು ಫಾರ್ಮ್ ಹಿಡಿದು ಬರುತ್ತಾಳೆ. ಬೀಡಿ, ಗುಟ್ಕಾ ಚಟ ಇದೆಯೇ, ಸೊಂಟದ ಸುತ್ತಳತೆ ಎಷ್ಟು, ಮನೆತನದಲ್ಲಿ ಬಿಪಿ, ಶುಗರ್ ಇದೆಯೇ ಎಂದು ಕೇಳುತ್ತಾ ಹೋಗುತ್ತಾಳೆ. ಅದೇ ಫಾರ್ಮಿನಲ್ಲಿ ಹೆಣ್ಣುಮಕ್ಕಳಿಗಷ್ಟೇ ಕೇಳುವ ಕೆಲವು ಪ್ರಶ್ನೆಗಳಿವೆ. ಎರಡು ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ? ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೇ? ಗಂಡ ಹೆಂಡತಿ ಕೂಡಿದ ಮೇಲೆ ರಕ್ತ ಬರುತ್ತದೆಯೇ? ಕೆಟ್ಟ ವಾಸನೆಯ ಬಿಳಿ ಸೆರಗು ಹೋಗುತ್ತದೆಯೇ?

ಯಾದಗಿರಿ, ಶಹಾಪುರ, ಸುರಪುರದ ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕೂತು ಈ ನಾಲ್ಕು ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂದು ಊರಿನವರಿಗೆ ಹೇಳಬೇಕಿಲ್ಲ. ಪಕ್ಕದಲ್ಲಿ ಅತ್ತೆ ಇರುತ್ತಾಳೆ, ಬಾಗಿಲಲ್ಲಿ ಮೈದುನ ಇರುತ್ತಾನೆ. ‘ಇಲ್ರೀ ಯವ್ವಾ, ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಫಾರ್ಮಿನಲ್ಲಿ ‘ಇಲ್ಲ’ ಎಂದು ಗುರುತು ಬೀಳುತ್ತದೆ, ಆಶಾ ಅಕ್ಕ ಮುಂದಿನ ಮನೆಗೆ ಹೋಗುತ್ತಾಳೆ.

ಆ ನಾಲ್ಕು ಪ್ರಶ್ನೆಗಳು ಗರ್ಭಕಂಠದ ಕ್ಯಾನ್ಸರಿಗೆ ಸೇರಿದವು. ಅವು ಆ ಕಾಗದದ ಮೇಲೆ ಬರಲು ನೂರಾರು ವರ್ಷ ಹಿಡಿದಿದೆ. ಇಟಲಿಯ ಸನ್ಯಾಸಿನಿಯರು, ಅಮೆರಿಕದ ಗುಲಾಮ ಹೆಣ್ಣುಮಕ್ಕಳು, ನಮ್ಮ ನೆರೆಯ ಬಾರ್ಶಿಯ ಹಳ್ಳಿಗರು ಎಲ್ಲರೂ ಈ ಕಥೆಯಲ್ಲಿದ್ದಾರೆ.

ತಂಬಿಗೆಯ ಕಂಠ

ಮೊದಲು ಜಾಗ ಯಾವುದು ಎಂದು ತಿಳಿಯೋಣ. ಗರ್ಭಚೀಲವನ್ನು ಬೋರಲು ಹಾಕಿದ ಸಣ್ಣ ತಂಬಿಗೆ ಎಂದುಕೊಳ್ಳಿ. ತಂಬಿಗೆಯ ಹೊಟ್ಟೆಯಲ್ಲಿ ಕೂಸು ಬೆಳೆಯುತ್ತದೆ. ಕೆಳಗೆ ಬಂದ ಕಂಠ ಮತ್ತು ಬಾಯಿಯೇ ಗರ್ಭಕಂಠ. ಹೆರಿಗೆಯಲ್ಲಿ ‘ಬಾಯಿ ತೆರೆದಿದೆ’ ಎಂದು ನರ್ಸ್ ಹೇಳುವುದು ಇದನ್ನೇ. ಈ ಬಾಯಿಯ ಅಂಚಿನಲ್ಲಿ ಎರಡು ಬಗೆಯ ಚರ್ಮ ಕೂಡುವ ಒಂದು ಗೆರೆ ಇದೆ. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲಿ.

ಅಂದರೆ ಇದು ಹೊಟ್ಟೆಯೊಳಗೆ ಎಲ್ಲೋ ಅಡಗಿದ ರೋಗವಲ್ಲ. ಒಂದು ಉಪಕರಣ, ಒಂದು ಬ್ಯಾಟರಿ, ನೋಡಲು ಕಲಿತ ಕಣ್ಣು ಇದ್ದರೆ ಕಾಣುವ ಜಾಗದಲ್ಲೇ ಇದೆ. ಸ್ಕ್ಯಾನಿಂಗ್ ಮಿಷನ್ ಬೇಡ. ಕಣ್ಣಿಗೆ ಕಾಣುವ ಜಾಗದ ರೋಗದಿಂದ 2022ರ ಒಂದೇ ವರ್ಷ ಭಾರತದಲ್ಲಿ ಸುಮಾರು 80 ಸಾವಿರ ಹೆಣ್ಣುಮಕ್ಕಳು ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಹೊಸದಾಗಿ ರೋಗ ಬಂದವರು ಸುಮಾರು 1 ಲಕ್ಷ 27 ಸಾವಿರ.

ಹಳೆಯವರು ಕಂಡದ್ದು

ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ವೈದ್ಯರು ಗರ್ಭಕೋಶದ ಹುಣ್ಣಿನ ಬಗ್ಗೆ ಬರೆದಿದ್ದರು. ನಮ್ಮ ಆಯುರ್ವೇದದ ಗ್ರಂಥಗಳು ಹೆಣ್ಣಿನ ಇಪ್ಪತ್ತು ‘ಯೋನಿ ವ್ಯಾಪತ್’ಗಳನ್ನು ಎಣಿಸಿವೆ. ಅತಿ ರಕ್ತಸ್ರಾವ, ದುರ್ವಾಸನೆ, ಉರಿ, ನೋವು ಎಲ್ಲವೂ ಅಲ್ಲಿವೆ. ಅವುಗಳಲ್ಲಿ ಕ್ಯಾನ್ಸರ್ ಯಾವುದು, ಸೋಂಕು ಯಾವುದು ಎಂದು ಇಂದು ಬಿಡಿಸಿ ಹೇಳಲು ಬರುವುದಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳುವವರ ಮಾತನ್ನು ಅಷ್ಟಕ್ಕೇ ಬಿಡುವುದು ಒಳ್ಳೆಯದು. ಹಳಬರು ವಾಸನೆ ಮತ್ತು ರಕ್ತವನ್ನು ಕಂಡಿದ್ದರು ಎಂಬುದು ನಿಜ. ಆದರೆ ವಾಸನೆ ಬರುವ ಹೊತ್ತಿಗೆ ರೋಗ ಬಹಳ ಬೆಳೆದಿರುತ್ತದೆ. ಗುರುತು ಸಿಕ್ಕಿದರೂ ಉಪಾಯ ಇರಲಿಲ್ಲ.

ಕಾರಣದ ಮೊದಲ ಸುಳಿವು ಸಿಕ್ಕಿದ್ದು ಆಸ್ಪತ್ರೆಯಲ್ಲಿ ಅಲ್ಲ, ಸಾವಿನ ದಫ್ತರಿನಲ್ಲಿ. ಇಟಲಿಯ ವೆರೋನಾ ಊರಿನಲ್ಲಿ 1760ರಿಂದ 1839ರವರೆಗೆ ಸತ್ತವರ ದಾಖಲೆಗಳನ್ನು ರಿಗೋನಿ ಸ್ಟೆರ್ನ್ ಎಂಬ ವೈದ್ಯ ಕೂತು ಎಣಿಸಿದ. 1842ರಲ್ಲಿ ಲೆಕ್ಕ ಪ್ರಕಟಿಸಿದ. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ಮದುವೆಯಾದವರೇ ಹೆಚ್ಚು, ಮಠದ ಸನ್ಯಾಸಿನಿಯರಲ್ಲಿ ಅದು ಬಲು ಅಪರೂಪ. ಲೈಂಗಿಕ ಸಂಪರ್ಕಕ್ಕೂ ಈ ರೋಗಕ್ಕೂ ನಂಟಿದೆ ಎಂಬ ಅನುಮಾನ ಅಲ್ಲಿಂದ ಬಲವಾಯಿತು. ಆ ನಂಟು ಏನೆಂದು ತಿಳಿಯಲು ಮತ್ತೆ 140 ವರ್ಷ ಬೇಕಾಯಿತು.

ಈ ನಡುವೆ ಒಳಗೆ ನೋಡುವ ಉಪಕರಣ ಬಂತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ಟೇಬಲ್ ಪಕ್ಕದ ಟ್ರೇನಲ್ಲಿ ಎರಡು ತುದಿಗೂ ಬಾಗಿದ ಸೌಟಿನಂಥ ಒಂದು ಸ್ಟೀಲ್ ಉಪಕರಣ ಇರುತ್ತದೆ. ಅದರ ಹೆಸರು ಸಿಮ್ಸ್ ಸ್ಪೆಕ್ಯುಲಮ್. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ ಚಮಚವೊಂದನ್ನು ಬಗ್ಗಿಸಿ ಅದರ ಮೊದಲ ರೂಪ ಮಾಡಿಕೊಂಡ. ಅವನು ಪ್ರಯೋಗ ಮಾಡಿದ್ದು ಗುಲಾಮ ಹೆಣ್ಣುಮಕ್ಕಳ ಮೇಲೆ. ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಮೂವರ ಹೆಸರು ಉಳಿದಿದೆ. ಅರಿವಳಿಕೆ ಕೊಡದೆ ಅವರ ಮೇಲೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆಯಿತು. ಬೇಡ ಎನ್ನುವ ಹಕ್ಕು ಅವರಿಗೆ ಇರಲಿಲ್ಲ. ವೈದ್ಯಕೀಯ ಪುಸ್ತಕಗಳಲ್ಲಿ ಉಪಕರಣಕ್ಕೆ ಸಿಮ್ಸ್ ಹೆಸರೇ ಉಳಿಯಿತು.

ಜಗತ್ತು ಹಂತ ಎಣಿಸಲು ಕಲಿತದ್ದು

1898ರಲ್ಲಿ ಮೇರಿ ಕ್ಯೂರಿ ಮತ್ತು ಅವಳ ಗಂಡ ರೇಡಿಯಂ ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ವೈದ್ಯರು ರೇಡಿಯಂ ತುಂಡನ್ನು ಗರ್ಭಕಂಠದ ಗಡ್ಡೆಯ ಪಕ್ಕ ಇಟ್ಟು ಸುಡಲು ಶುರು ಮಾಡಿದರು. ಕೆಲವರು ಬದುಕಿದರು, ಹಲವರು ಬದುಕಲಿಲ್ಲ. ಒಂದು ಊರಿನ ಆಸ್ಪತ್ರೆಗೂ ಇನ್ನೊಂದು ಊರಿನ ಆಸ್ಪತ್ರೆಗೂ ಲೆಕ್ಕ ಹೊಂದುತ್ತಿರಲಿಲ್ಲ. ಹಾಗಾಗಿ 1929ರಲ್ಲಿ ಆಗಿನ ರಾಷ್ಟ್ರಗಳ ಕೂಟ ಈ ರೋಗವನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿತು. ಇಂದು ಡಾಕ್ಟರ್ ಚೀಟಿಯ ಮೇಲೆ ‘ಸ್ಟೇಜ್’ ಎಂದು ಬರೆದರೆ ಮನೆಯವರ ಎದೆ ಒಡೆಯುತ್ತದಲ್ಲ, ಆ ಲೆಕ್ಕ ಈ ರೋಗದಲ್ಲಿ ಶುರುವಾದದ್ದು ಹೀಗೆ.

ಮೊದಲ ಹಂತದಲ್ಲಿ ರೋಗ ಗರ್ಭಕಂಠದೊಳಗೇ ಇರುತ್ತದೆ. ಎರಡನೆಯದರಲ್ಲಿ ಅದು ಸುತ್ತಲಿನ ಭಾಗಕ್ಕೆ ಹರಡಲು ಶುರುವಾಗಿರುತ್ತದೆ. ಮೂರನೆಯದರಲ್ಲಿ ಸೊಂಟದ ಎಲುಬಿನ ಗೋಡೆ ಮುಟ್ಟುತ್ತದೆ, ಮೂತ್ರಪಿಂಡದಿಂದ ಬರುವ ನಾಳ ಕಟ್ಟಿಕೊಳ್ಳಬಹುದು. ನಾಲ್ಕನೆಯದರಲ್ಲಿ ಮೂತ್ರಕೋಶ, ಗುದದ್ವಾರದ ಕರುಳು, ಇನ್ನೂ ದೂರದ ಅಂಗಗಳಿಗೆ ಹೋಗಿರುತ್ತದೆ.

ಚಿಹ್ನೆಗಳೂ ಇದೇ ದಾರಿಯಲ್ಲಿ ಸಾಗುತ್ತವೆ. ಕ್ಯಾನ್ಸರ್ ಆಗುವುದಕ್ಕೆ ಮುಂಚಿನ ಹಂತದಲ್ಲಿ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ವಾಸನೆಯಿಲ್ಲ. ಆಮೇಲೆ ಮುಟ್ಟಿದರೆ ರಕ್ತ: ಗಂಡನ ಜೊತೆ ಮಲಗಿದ ಮೇಲೆ ಬಟ್ಟೆಯಲ್ಲಿ ಕಲೆ. ಮುಟ್ಟು ಮುಗಿದು ಹತ್ತು ದಿನಕ್ಕೆ ಮತ್ತೆ ಕಲೆ. ಮುಟ್ಟು ನಿಂತು ವರ್ಷ ಕಳೆದವಳಿಗೆ ಒಂದು ಹನಿಯಾದರೂ ಕಲೆ. ನೀರಿನಂಥ, ಮಾಂಸ ತೊಳೆದ ನೀರಿನಂಥ, ಕೊಳೆತ ವಾಸನೆಯ ಸ್ರಾವ. ಸೊಂಟ ಮತ್ತು ಕಿಬ್ಬೊಟ್ಟೆಯ ಎಡೆಬಿಡದ ನೋವು, ಒಂದೇ ಕಾಲಿನ ಬಾವು, ಮೂತ್ರದಲ್ಲಿ ರಕ್ತ, ಮೂತ್ರ ತಾನಾಗಿ ಸೋರುವುದು, ಮೈ ಸೊರಗುವುದು, ಇವು ಸಾಮಾನ್ಯವಾಗಿ ಕೊನೆಕೊನೆಗೆ ಬರುವ ಚಿಹ್ನೆಗಳು.

ನಮ್ಮ ಕಡೆ ಆಸ್ಪತ್ರೆಗೆ ಹೊರಡುವುದು ಯಾವಾಗ? ನೋವು ಬಂದಾಗ. ಕೂಲಿಗೆ ಹೋಗಲು ಆಗದಿದ್ದಾಗ. ಈ ರೋಗ ಮೋಸ ಮಾಡುವುದು ಅಲ್ಲೇ. ಅದು ಮೊದಲು ಕಳಿಸುವುದು ನೋವನ್ನಲ್ಲ, ರಕ್ತವನ್ನು. ರಕ್ತವೋ ಹೆಣ್ಣಿಗೆ ಹೊಸದಲ್ಲ. ‘ಉಷ್ಣ ಆಗ್ಯದ’, ‘ಹೊಲದಾಗ ಭಾರ ಎತ್ತೀನಿ, ಅದಕ್ಕ’, ‘ಮುಟ್ಟು ಹೋಗೂ ಮುಂದ ಹಿಂಗೇ ಆಗ್ತದ’ ಎಂಬ ಮಾತುಗಳನ್ನು ನಾವೆಲ್ಲ ನಮ್ಮ ಮನೆಗಳಲ್ಲೇ ಕೇಳಿದ್ದೇವೆ. ಮುಟ್ಟು ಹೋಗುವ ವಯಸ್ಸಿನಲ್ಲಿ ದಿನಗಳು ಏರುಪೇರು ಆಗುವುದು ನಿಜ. ಆದರೆ ಪೂರ್ತಿ ಒಂದು ವರ್ಷ ನಿಂತ ಮೇಲೆ ಬಂದ ರಕ್ತ ಮುಟ್ಟಲ್ಲ. ಅದು ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಬಹಳ ಸಲ ಬೇರೆ ಕಾರಣ ಇರುತ್ತದೆ. ಆದರೂ ತೋರಿಸಲೇಬೇಕಾದ ರಕ್ತ ಅದು.

ಬಿಳಿ ಸೆರಗಿನ ವಿಷಯವೂ ಹೀಗೆಯೇ. ಮುಟ್ಟಿನ ದಿನಗಳ ನಡುವೆ ತಿಳಿಯಾದ, ಲೋಳೆಯಂಥ ಸ್ರಾವ ಸಹಜ. ತುರಿಕೆ, ಮೊಸರಿನಂಥ ಸ್ರಾವ ಇದ್ದರೆ ಹೆಚ್ಚಾಗಿ ಸೋಂಕು, ಮಾತ್ರೆಯಿಂದ ಗುಣವಾಗುತ್ತದೆ. ಔಷಧ ಮುಗಿಸಿದ ಮೇಲೂ ಹೋಗದ, ರಕ್ತ ಬೆರೆತ, ನಾರುವ ಸ್ರಾವವಾದರೆ ಬರೀ ಮಾತ್ರೆ ಬರೆಸಿಕೊಂಡು ಬರಬಾರದು, ಒಳಗೆ ನೋಡಿ ಎಂದು ಕೇಳಬೇಕು.

ಪಾಪ್ ಎಂಬ ಹೆಸರು

ಏನೂ ಚಿಹ್ನೆ ಇಲ್ಲದಾಗಲೇ ರೋಗ ಹಿಡಿಯುವ ದಾರಿ ತೋರಿಸಿದವನು ಗ್ರೀಸ್‌ನಿಂದ ನ್ಯೂಯಾರ್ಕಿಗೆ ವಲಸೆ ಹೋದ ಜಾರ್ಜ್ ಪಾಪನಿಕೊಲಾವ್. ಮೊದಲು ಇಲಿಯಂಥ ಪ್ರಾಣಿ ಗಿನಿಪಿಗ್‌ನ ಒಳಸ್ರಾವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಆಮೇಲೆ ಮನುಷ್ಯರದು ನೋಡಬೇಕಾಯಿತು. ವರ್ಷಗಟ್ಟಲೆ ಮಾದರಿ ಕೊಟ್ಟವಳು ಅವನ ಹೆಂಡತಿ ಆಂಡ್ರೊಮಾಕಿ. ಕ್ಯಾನ್ಸರ್ ಇರುವ ಹೆಂಗಸಿನ ಸ್ರಾವದಲ್ಲಿ ಕೆಟ್ಟ ಜೀವಕೋಶಗಳು ಉದುರಿ ಬಂದಿರುತ್ತವೆ ಎಂದು 1928ರಲ್ಲಿ ಅವನು ಹೇಳಿದಾಗ ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಹೊತ್ತಿಗೆ ರೊಮೇನಿಯಾದ ಔರೆಲ್ ಬಾಬೆಷ್ ಕೂಡ ಇದನ್ನೇ ಕಂಡಿದ್ದ. 1941ರಲ್ಲಿ ಪಾಪನಿಕೊಲಾವ್ ಮತ್ತು ಹರ್ಬರ್ಟ್ ಟ್ರೌಟ್ ಕೂಡಿ ಬರೆದ ಲೇಖನದ ಮೇಲೆ ಜಗತ್ತು ಒಪ್ಪಿತು. ಇಂದಿನ ‘ಪಾಪ್ ಸ್ಮಿಯರ್’ ಪರೀಕ್ಷೆ ಅವನ ಹೆಸರಿನದು. ಅಮೆರಿಕ, ಯುರೋಪಿನಲ್ಲಿ ಈ ರೋಗದ ಸಾವು ಇಳಿಯಲು ಅದೇ ದೊಡ್ಡ ಕಾರಣ.

ಆದರೆ ಅದಕ್ಕೆ ಲ್ಯಾಬ್ ಬೇಕು, ಗಾಜಿನ ಮೇಲಿನ ಕೋಶ ಓದಬಲ್ಲ ತಜ್ಞರು ಬೇಕು, ವರದಿ ಬರುವವರೆಗೆ ಕಾಯಬೇಕು, ಮತ್ತೆ ಮತ್ತೆ ಮಾಡಿಸಬೇಕು. ಹಳ್ಳಿಗೆ ಅದು ಬರಲೇ ಇಲ್ಲ.

ಅಮೆರಿಕದಲ್ಲೂ ಎಲ್ಲರಿಗೂ ಒಂದೇ ನ್ಯಾಯ ಇರಲಿಲ್ಲ. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಜನಾಂಗದ ತಾಯಿ ಒಳಗೆ ಗಂಟು ಇದೆ ಎಂದು ಮನೆಯವರ ಮುಂದೆ ಹೇಳಿಕೊಂಡಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿತ್ತು. 1951ರ ಜನವರಿಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು, ಅಕ್ಟೋಬರ್ 4ರಂದು ಸತ್ತಳು. ವಯಸ್ಸು 31. ಅವಳನ್ನೂ ಮನೆಯವರನ್ನೂ ಕೇಳದೆ ಅವಳ ಗಡ್ಡೆಯಿಂದ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ‘ಹೀಲಾ’ ಕೋಶ ಎಂದು ಅವುಗಳಿಗೆ ಹೆಸರು. ಆ ಕೋಶಗಳ ಮೇಲೆ ಎಷ್ಟೋ ಔಷಧಗಳ ಪರೀಕ್ಷೆ ಆಗಿದೆ.

1983 ಮತ್ತು 84ರಲ್ಲಿ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರ ತಂಡ ಈ ಕ್ಯಾನ್ಸರಿನೊಳಗೆ ಎಚ್‌ಪಿವಿ ಎಂಬ ವೈರಸ್‌ನ 16 ಮತ್ತು 18ನೆಯ ತಳಿಗಳನ್ನು ಕಂಡುಹಿಡಿಯಿತು. ಹೆನ್ರಿಯೆಟಾಳ ಕೋಶಗಳಲ್ಲೂ 18 ಸಿಕ್ಕಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ವೆರೋನಾದ ಸನ್ಯಾಸಿನಿಯರ ಒಗಟು ಬಿಡಿಸಿದ್ದು ಹೀಗೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವೈರಸ್ ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದ ಕೂಡಲೇ ಹೆಣ್ಣಿನ ನಡತೆಯ ಮೇಲೆ ಮಾತು ಹೋಗುತ್ತದೆ. ಎಚ್‌ಪಿವಿ ನೆಗಡಿಯಷ್ಟೇ ಸಾಮಾನ್ಯ. ಗಂಡಿಗೂ ಹೆಣ್ಣಿಗೂ ಬಾಳಿನಲ್ಲಿ ಒಮ್ಮೆಯಾದರೂ ತಗಲುವುದೇ ಹೆಚ್ಚು, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದು ಹತ್ತು, ಹದಿನೈದು ವರ್ಷ ತೆಗೆದುಕೊಂಡು ಕ್ಯಾನ್ಸರ್ ಆಗುತ್ತದೆ. ಗಂಡ ಒಬ್ಬನನ್ನೇ ಬಲ್ಲವಳಿಗೂ ಗಂಡನಿಂದ ಬರುತ್ತದೆ. ಎಳೆಯ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ತಂಬಾಕಿನ ಹೊಗೆ, ಎಚ್‌ಐವಿ ಇವು ಅಪಾಯ ಹೆಚ್ಚಿಸುತ್ತವೆ. ನಮ್ಮ ಮೂರು ತಾಲ್ಲೂಕಿನಲ್ಲಿ ಹದಿನೆಂಟು ತುಂಬುವ ಮುಂಚೆ ಹಸೆ ಏರಿದ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆ ಎಂದು ನಿಮಗೇ ಗೊತ್ತು.

ನಮ್ಮ ನೆರೆಯ ಬಾರ್ಶಿ

ಈಗ ನಮ್ಮ ಕಡೆಗೆ ಬರೋಣ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಯಾದಗಿರಿಯಲ್ಲಿ ಮೆಥಡಿಸ್ಟ್ ಮಿಷನ್ನಿನ ಹೋಲ್ಸ್ಟನ್ ಆಸ್ಪತ್ರೆ ಇತ್ತು. ದೊಡ್ಡ ಕಾಯಿಲೆಗೆ ರೈಲು ಹತ್ತಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕಿತ್ತು. ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಹೆಸರಿನ ರೇಡಿಯಂ ಮತ್ತು ಕ್ಯಾನ್ಸರ್ ಆಸ್ಪತ್ರೆ 1955ರಲ್ಲಿ ಶುರುವಾಯಿತು. ಮರುವರ್ಷ ನಾವು ಕರ್ನಾಟಕ ಸೇರಿದೆವು, ರಾಜಧಾನಿ ಬೆಂಗಳೂರಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಬಂದದ್ದು 1973ರಲ್ಲಿ. ಅದರ ಶಾಖಾ ಕೇಂದ್ರ ಕಲಬುರಗಿಗೆ ಬಂದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಭಾಷೆಯ ಲೆಕ್ಕದಲ್ಲಿ ಸರಿಯಾದ ಊರಿಗೆ ಸೇರಿದೆವು, ಆಸ್ಪತ್ರೆಯ ಲೆಕ್ಕದಲ್ಲಿ ದೂರವಾದೆವು.

ಹಳ್ಳಿಯವರು ಈ ರೋಗದ ಚಿಹ್ನೆ ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ದೇಶದಲ್ಲೇ ಒಳ್ಳೆಯ ಉದಾಹರಣೆ ನಮ್ಮ ಪಕ್ಕದಲ್ಲಿದೆ. ಕಲಬುರಗಿ ದಾಟಿದರೆ ಸೊಲ್ಲಾಪುರ, ಸೊಲ್ಲಾಪುರ ದಾಟಿದರೆ ಬಾರ್ಶಿ. ಅಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ. 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅಲ್ಲಿ ಆರಂಭವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳು. ಇವುಗಳಲ್ಲಿ ಪರಾಂಡಾ ಮತ್ತು ಭೂಮ್ ಹಿಂದೆ ನಮ್ಮಂತೆಯೇ ನಿಜಾಮರ ಸೀಮೆಯವು. ಮಳೆ ನಂಬಿದ ಜೋಳದ ಹೊಲ, ಗುಳೆ ಹೋಗುವ ಜನ, ಬೇಗ ಮದುವೆ ಎಲ್ಲವೂ ನಮ್ಮ ಹಾಗೆ.

ಪಟ್ಟಣದ ನೋಂದಣಿ ಸುಲಭ. ಆಸ್ಪತ್ರೆಗಳ ಪುಸ್ತಕ ನೋಡಿ ಬರೆದುಕೊಳ್ಳಬಹುದು. ಹಳ್ಳಿಯಲ್ಲಿ ಆಸ್ಪತ್ರೆಗೇ ಹೋಗದವಳ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹಾಗಾಗಿ ಬಾರ್ಶಿಯ ಕೆಲಸಗಾರರು ಊರೂರಿಗೆ ಹೋದರು. ಮತ್ತೆ ಮತ್ತೆ ಹೋದರು. ಊರ ಜನರನ್ನು ಕೂಡಿಸಿ ಕ್ಯಾನ್ಸರಿನ ಎಚ್ಚರಿಕೆಯ ಚಿಹ್ನೆ ಯಾವುವು ಎಂದು ಹೇಳಿದರು. ಅಂಥ ಚಿಹ್ನೆ ಇರುವವರನ್ನು ಹುಡುಕಿ ಬಾರ್ಶಿಗೆ ಬರಲು ಒಪ್ಪಿಸಿದರು. ಎಣಿಸಲು ಹೋದವರು ತಿಳಿಹೇಳುವವರೂ ಆದರು.

ಲೆಕ್ಕ ಬಂದಾಗ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಗರ್ಭಕಂಠದ್ದೇ ಮೊದಲ ಸ್ಥಾನದಲ್ಲಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಕಸ್ತೂರಿ ಜಯಂತ್ ಮತ್ತು ಭಗವಾನ್ ನೆನೆ ಅವರ ತಂಡ 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿದೆ. ವರ್ಷ ಕಳೆದಂತೆ ಮೊದಲ ಮತ್ತು ಎರಡನೆಯ ಹಂತದಲ್ಲೇ ಬರುವ ಹೆಂಗಸರ ಪಾಲು ಏರಿತ್ತು. ಬದುಕಿ ಉಳಿಯುವವರ ಪ್ರಮಾಣವೂ ಸುಧಾರಿಸಿತು ಎಂದು ಅದೇ ತಂಡ ಮುಂದೆ ತೋರಿಸಿತು. ಆ ಹಳ್ಳಿಗಳಿಗೆ ಹೊಸ ಮಿಷನ್ ಬಂದಿರಲಿಲ್ಲ. ಮನೆಮನೆಯಲ್ಲಿ ಪರೀಕ್ಷೆಯೂ ನಡೆದಿರಲಿಲ್ಲ. ‘ಮುಟ್ಟು ನಿಂತ ಮೇಲಿನ ರಕ್ತ ಮುಟ್ಟಲ್ಲ’ ಎಂಬಂಥ ಮಾತು ಊರಲ್ಲಿ ಬಾಯಿಂದ ಬಾಯಿಗೆ ಹೋಗಿತ್ತು, ಅಷ್ಟೇ.

ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ನೊಬೆಲ್‌ಗಿಂತ ನಮಗೆ ಹತ್ತಿರದ ಸಂಗತಿ ಇದು.

ಆಮೇಲೆ ಬಾರ್ಶಿ ತಂಡ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿತು. 1999ರಿಂದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪಾಪ್ ಸ್ಮಿಯರ್, ಒಂದಕ್ಕೆ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ, ಕೊನೆಯದಕ್ಕೆ ಎಂದಿನ ವ್ಯವಸ್ಥೆ ಮಾತ್ರ. ಎಂಟು ವರ್ಷ ಅವರ ಬೆನ್ನು ಬಿಡಲಿಲ್ಲ. 2009ರಲ್ಲಿ ಫಲಿತಾಂಶ ಬಂತು. ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನ 34,126 ಮಂದಿಯಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಇಲ್ಲದ ಗುಂಪಿನ 31,488 ಮಂದಿಯಲ್ಲಿ ಸತ್ತವರು 64. ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಉಳಿದ ಎರಡು ಪರೀಕ್ಷೆಗಳಿಂದ ಅಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ.

ಈ ಲೆಕ್ಕವನ್ನು ಜಗತ್ತು ಹೊಗಳಿತು. ಆದರೆ ಆ 64 ಮಂದಿಯ ಬಗ್ಗೆ ಪ್ರಶ್ನೆಯೂ ಎದ್ದಿತು. ಪರೀಕ್ಷೆಯಿಂದ ಉಪಯೋಗ ಇದೆ ಎಂದು ಜಗತ್ತಿಗೆ ಗೊತ್ತಿದ್ದ ಕಾಲದಲ್ಲಿ ಒಂದು ಗುಂಪನ್ನು ಹಾಗೇ ಬಿಟ್ಟು ನೋಡಿದ್ದು ಸರಿಯೇ? ಆಗ ಸರ್ಕಾರದ ಕಡೆಯಿಂದ ಹಳ್ಳಿಗಳಲ್ಲಿ ಪರೀಕ್ಷೆಯೇ ಇರಲಿಲ್ಲ, ಎಂದಿನ ವ್ಯವಸ್ಥೆ ಎಂದರೆ ಅದೇ, ಎಂಬುದು ಸಂಶೋಧಕರ ಉತ್ತರ. ಉತ್ತರ ಸುಳ್ಳಲ್ಲ. ಆದರೆ ಅಲಬಾಮಾದ ಅನಾರ್ಕಾ, ಬಾಲ್ಟಿಮೋರಿನ ಹೆನ್ರಿಯೆಟಾ, ಉಸ್ಮಾನಾಬಾದಿನ ಆ ಹೆಸರಿಲ್ಲದ ಹೆಂಗಸರು, ಈ ವಿಜ್ಞಾನ ಪ್ರತಿ ಸಲವೂ ಬಡ ಹೆಣ್ಣಿನ ಮೈಮೇಲೆಯೇ ಕಲಿತಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ.

ವಿನೆಗರ್ ಮತ್ತು ಒಂದು ನಿಮಿಷ

ಕೇಂದ್ರ ಸರ್ಕಾರ 2016ರಲ್ಲಿ ಹಳ್ಳಿಗಳಿಗೆ ಆರಿಸಿಕೊಂಡದ್ದು ವಿನೆಗರ್ ಪರೀಕ್ಷೆಯನ್ನು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಈ ಪರೀಕ್ಷೆಯಿಂದ ಸಾವು ಶೇ. 35ರಷ್ಟು, ಮುಂಬೈನ ಕೊಳೆಗೇರಿಗಳಲ್ಲಿ ಶೇ. 31ರಷ್ಟು ಕಡಿಮೆಯಾಗಿತ್ತು. ಖರ್ಚು ಕಡಿಮೆ, ನರ್ಸ್ ಕಲಿತು ಮಾಡಬಹುದು, ಉತ್ತರ ಅಲ್ಲೇ ಸಿಗುತ್ತದೆ. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಎಂಬುದು ನಿಯಮ.

ಮಾಡುವುದು ಇಷ್ಟು: ಸ್ಪೆಕ್ಯುಲಮ್ ಹಾಕಿ ಗರ್ಭಕಂಠ ಕಾಣುವಂತೆ ಮಾಡಿ, ಹತ್ತಿಯಿಂದ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾಯುತ್ತಾರೆ. ಗೋಬಿ ಮಂಚೂರಿ ಗಾಡಿಯಲ್ಲಿರುವ ವಿನೆಗರ್‌ನದೇ ಜಾತಿ ಅದು. (ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಅಳತೆ ತಪ್ಪಿದರೆ ಸುಡುತ್ತದೆ.) ಕೆಟ್ಟ ಕೋಶ ಇರುವ ಜಾಗ ಬಿಳಿಯಾಗಿ ಎದ್ದು ಕಾಣುತ್ತದೆ. ಬಿಳಿ ಕಂಡರೆ ಕ್ಯಾನ್ಸರ್ ಎಂದಲ್ಲ, ಇನ್ನೂ ನೋಡಬೇಕು ಎಂದು. ಕ್ಯಾನ್ಸರ್‌ಗೆ ಮುಂಚಿನ ಹಂತವಾದರೆ ಆ ಜಾಗವನ್ನು ತಣ್ಣಗೆ ಮಾಡಿಯೋ ಬಿಸಿ ತಾಗಿಸಿಯೋ ಕೆಲವು ನಿಮಿಷಗಳಲ್ಲಿ ಸುಟ್ಟುಬಿಡಬಹುದು. ಗರ್ಭಚೀಲ ತೆಗೆಯಬೇಕಿಲ್ಲ.

ಈ ಕೊನೆಯ ವಾಕ್ಯವನ್ನು ನಮ್ಮ ಕಡೆಯವರು ಎರಡು ಸಲ ಓದಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಕೆಲವು ಖಾಸಗಿ ಆಸ್ಪತ್ರೆಗಳು ಅಗತ್ಯವಿಲ್ಲದೆ ಗರ್ಭಚೀಲ ತೆಗೆದ ಸಂಗತಿ 2015ರಲ್ಲಿ ಬಯಲಾಯಿತು. ಬೀದಿಗಿಳಿದು ಪ್ರತಿಭಟನೆ ನಡೆಯಿತು, ಸರ್ಕಾರ ತನಿಖೆಗೆ ಸಮಿತಿ ಮಾಡಿತು. ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದವರಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಲಾಗಿತ್ತು ಎಂಬ ದೂರು ಮತ್ತೆ ಮತ್ತೆ ಕೇಳಿಬಂತು. ನಾಲ್ವತ್ತು ತುಂಬದವರೂ ಅವರಲ್ಲಿದ್ದರು. ಚಿಹ್ನೆ ಗೊತ್ತಿಲ್ಲದಿದ್ದರೆ ಎರಡು ಕಡೆಯಿಂದಲೂ ಏಟು: ನಿಜವಾದ ರೋಗ ಇದ್ದವಳು ಮನೆಯಲ್ಲೇ ಉಳಿಯುತ್ತಾಳೆ, ರೋಗವಿಲ್ಲದವಳು ಸಾಲ ಮಾಡಿ ಗರ್ಭಚೀಲ ತೆಗೆಸಿಕೊಂಡು ಬರುತ್ತಾಳೆ. ಒಳಗೆ ನೋಡದೆ, ಮಾದರಿ ತೆಗೆದು ಬಯಾಪ್ಸಿ ಮಾಡದೆ ಯಾರೂ ‘ಕ್ಯಾನ್ಸರ್’ ಎಂದು ಹೇಳಲು ಬರುವುದಿಲ್ಲ. ಹೇಳಿದರೆ ವರದಿ ಕಾಗದ ಕೇಳಿ.

ಲಸಿಕೆಯ ಕಥೆಯಲ್ಲೂ ಇಂಥದೇ ಗಾಯ ಇದೆ. 2006ರಲ್ಲಿ ಎಚ್‌ಪಿವಿ ಲಸಿಕೆ ಬಂತು. ಆಗಿನ ಆಂಧ್ರದ ಖಮ್ಮಂನಲ್ಲಿ ಬುಡಕಟ್ಟಿನ ಹುಡುಗಿಯರಿಗೆ ಅದನ್ನು ಹಾಕಿ ನೋಡುವ ಕಾರ್ಯಕ್ರಮ 2010ರಲ್ಲಿ ನಿಂತಿತು. ಕೆಲವು ಹುಡುಗಿಯರ ಸಾವು ಲಸಿಕೆಯಿಂದ ಆದದ್ದಲ್ಲ ಎಂದು ತನಿಖೆ ಹೇಳಿತು. ಆದರೆ ತಂದೆ ತಾಯಿಯ ಒಪ್ಪಿಗೆ ಬದಲು ಹಾಸ್ಟೆಲ್ ವಾರ್ಡನ್‌ಗಳ ಸಹಿ ತೆಗೆದುಕೊಂಡದ್ದು ಸಾಬೀತಾಯಿತು. ಜನರ ಅನುಮಾನ ವರ್ಷಗಟ್ಟಲೆ ಉಳಿಯಿತು. ಲಸಿಕೆ ಮಾತ್ರ ಜಗತ್ತಿನಾದ್ಯಂತ ಕೆಲಸ ಮಾಡಿ ತೋರಿಸಿದೆ. 2023ರಲ್ಲಿ ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ಮಾರುಕಟ್ಟೆಗೆ ಬಂತು. 9ರಿಂದ 14ರ ಹುಡುಗಿಯರಿಗೆ ಕೊಟ್ಟರೆ ಅದರ ಫಲ ಹೆಚ್ಚು. ನಿಮ್ಮ ಮಗಳ ಶಾಲೆಗೆ ಯಾವಾಗ ಬರುತ್ತದೆ ಎಂದು ಆಶಾ ಅಕ್ಕನನ್ನು ಕೇಳಿ, ಒಪ್ಪಿಗೆ ಚೀಟಿ ಓದಿ ಸಹಿ ಮಾಡಿ.

ಈಗಿನ ದಾರಿ

2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಈಗ ಯಾದಗಿರಿಯಲ್ಲೇ ವೈದ್ಯಕೀಯ ಕಾಲೇಜು ಇದೆ. ಶಹಾಪುರ, ಸುರಪುರದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ರಕ್ತದ ಚಿಹ್ನೆ ಇದ್ದವರು ಮೊದಲು ಅಲ್ಲಿಗೆ ಹೋಗಬೇಕು. ಏನೂ ಚಿಹ್ನೆ ಇಲ್ಲದ, ಮೂವತ್ತು ದಾಟಿದವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿನೆಗರ್ ಪರೀಕ್ಷೆ ಯಾವ ದಿನ ಎಂದು ಕೇಳಬಹುದು. ಮುಟ್ಟಿನ ದಿನ ಬಿಟ್ಟು ಹೋಗಬೇಕು. ಡಾಕ್ಟರ್ ಗಂಡಸಾದರೆ ಏನು ಮಾಡುವುದು ಎಂಬ ಸಂಕೋಚ ಇರುವವರಿಗೆ ಒಂದು ಮಾತು: ಈ ಪರೀಕ್ಷೆಯನ್ನು ಕಲಿತ ನರ್ಸ್ ಮಾಡಬಹುದು, ಜೊತೆಗೆ ಅಕ್ಕನನ್ನೋ ಅತ್ತಿಗೆಯನ್ನೋ ಕರೆದೊಯ್ಯಬಹುದು.

ರಕ್ತದ ಚಿಹ್ನೆ ಇದ್ದವಳು ‘ಹಿಂದೆ ಪರೀಕ್ಷೆ ಮಾಡಿಸಿದ್ದೆ, ಏನೂ ಇರಲಿಲ್ಲ’ ಎಂದು ಸುಮ್ಮನಿರಬಾರದು. ಪರೀಕ್ಷೆ ಇರುವುದು ಆರೋಗ್ಯವಂತರಿಗೆ. ಚಿಹ್ನೆ ಇದ್ದವಳಿಗೆ ಬೇಕಾದದ್ದು ನೇರ ತಪಾಸಣೆ.

ರೋಗ ಇದೆ ಎಂದಾದರೆ ಚಿಕಿತ್ಸೆ ಕಲಬುರಗಿಯ ಕಿದ್ವಾಯಿ ಕೇಂದ್ರ ಅಥವಾ ಬೆಂಗಳೂರಿನ ಕಿದ್ವಾಯಿಯಲ್ಲಿ ಆಗುತ್ತದೆ. ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್ ಜೊತೆಯಲ್ಲಿರಲಿ. ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡೇ ಹೋಗಿ. ಮೊದಲ ಹಂತದಲ್ಲಿ ಶಸ್ತ್ರಚಿಕಿತ್ಸೆ ಅಥವಾ ಕರೆಂಟ್ ಕೊಡುವುದು. ಮುಂದಿನ ಹಂತಗಳಲ್ಲಿ ಕರೆಂಟ್ ಮತ್ತು ಕೀಮೋ ಎರಡೂ. ನಮ್ಮ ಕಡೆ ‘ಕರೆಂಟ್’ ಎನ್ನುವುದು ವಿಕಿರಣಕ್ಕೆ, ವಿದ್ಯುತ್ತಿಗಲ್ಲ, ಅದರಿಂದ ಶಾಕ್ ಹೊಡೆಯುವುದಿಲ್ಲ. ವಾರಗಟ್ಟಲೆ ದಿನವೂ ಹೋಗಬೇಕು, ನಡುವೆ ಬಿಡುವಂತಿಲ್ಲ. ಮೊದಲ ಹಂತದಲ್ಲಿ ಬಂದು ಚಿಕಿತ್ಸೆ ಪೂರ್ತಿ ಮಾಡಿದ ಹತ್ತು ಮಂದಿಯಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ನಾಲ್ಕನೆಯ ಹಂತದಲ್ಲಿ ಬಂದವರಲ್ಲಿ ಹಾಗೆ ದಾಟುವವರು ಕೆಲವರೇ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಸುಗ್ಗಿ ಮುಗಿದ ಮೇಲೆ ಅರ್ಧ ಊರು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತದೆ. ಬಯಾಪ್ಸಿಗೆ ಮಾದರಿ ಕೊಟ್ಟವಳು ವರದಿ ಬರುವ ಮುಂಚೆ ಗಂಡನ ಜೊತೆ ಬಸ್ ಹತ್ತಿದರೆ ಆ ಕಾಗದ ಆಸ್ಪತ್ರೆಯ ಕಪಾಟಿನಲ್ಲೇ ಉಳಿಯುತ್ತದೆ. ಮಾದರಿ ಕೊಡುವಾಗ ಊರಿನಲ್ಲಿ ಉಳಿಯುವ ಯಾರಾದರೊಬ್ಬರ ಮೊಬೈಲ್ ನಂಬರನ್ನೂ ಬರೆಸಿ ಬನ್ನಿ. ಬೆಂಗಳೂರಿನಲ್ಲೇ ಇರುವವರಾದರೆ ವರದಿಯ ಫೋಟೊವನ್ನು ಊರಿನಿಂದ ವಾಟ್ಸಾಪ್‌ಗೆ ತರಿಸಿಕೊಂಡು ನೇರ ಅಲ್ಲಿನ ಕಿದ್ವಾಯಿಗೆ ಹೋಗಬಹುದು, ಚಿಕಿತ್ಸೆಗಾಗಿ ವಾಪಸ್ ಊರಿಗೆ ಬರಬೇಕಿಲ್ಲ.